ಒಗ್ಗರಣೆ ಸಪ್ಪಳವಿಲ್ಲದ ಮನೆ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವವರು. ವಯಸ್ಸು 38, ಸಣಕಲು ಮೈ, ಹುಟ್ಟಾ ಸಸ್ಯಾಹಾರಿ. ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್, 228 ಬಂದಾಗ ವೈದ್ಯರು ಮಾತ್ರೆ ಬರೆದುಕೊಟ್ಟರು. ಇವರು ಚೀಟಿ ಮಡಚಿಟ್ಟು ಎಂಟು ತಿಂಗಳು ಪಥ್ಯ ಮಾಡಿದರು. ಊಟದ ಸಲಹೆ ಕೊಡುವ ನನ್ನ ಬಳಿ ಬಂದಾಗ 209. ಇನ್ನೂ ಏನೇನು ಬಿಡಬೇಕು ಎಂದು ಕೇಳುವುದಕ್ಕೇ ಬಂದಿದ್ದರು.

ಇಂಥವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೇ ಭೇಟಿಗೆ ತಾಯಿ ಮತ್ತು ಹೆಂಡತಿಯೂ ಬಂದರು. ಮಾತು ಶುರು ಮಾಡಿದ್ದು ತಾಯಿ. "ಇಕಿ ಕೈಗೆ ಅಳತಿ ಇಲ್ರಿ. ಈಗೂ ಕದ್ದು ಎಣ್ಣಿ ಹಾಕ್ತಾಳ. ಇಲ್ಲಂದ್ರ ಯಾಕ ಇಳೀವಲ್ದು?"

ಸೊಸೆ ತಲೆ ಎತ್ತಲಿಲ್ಲ. "ಎಂಟು ತಿಂಗಳಾತ್ರಿ, ನಮ್ಮ ಮನ್ಯಾಗ ಒಗ್ಗರಣಿ ಸಪ್ಪಳ ಕೇಳಿಲ್ಲ. ಪುಂಡಿಪಲ್ಯಾನೂ ಬರೀ ಕುದಿಸಿದ್ದು. ಶೇಂಗಾ ಹಿಂಡಿ ಚಟ್ನಿ ಡಬ್ಬಿ ತೊಳದು ಬೋರಲ ಇಟ್ಟೀನಿ. ಮಗಳು ಊಟಕ್ಕ ಕುಂತ್ರ ಅಳ್ತಾಳ."

ನಾನು ಬರೆಯುವುದನ್ನು ನಿಲ್ಲಿಸಿದೆ. ಅಷ್ಟು ಕಠಿಣ ಪಥ್ಯಕ್ಕೆ ಇಳಿದದ್ದು 19. ಅಡುಗೆಮನೆಯಲ್ಲಿ ಇಲ್ಲದ ತಪ್ಪನ್ನು ಆ ಹೆಣ್ಣುಮಗಳು ಎಂಟು ತಿಂಗಳು ಹೊತ್ತಿದ್ದಳು. ತಾಯಿಯನ್ನೇ ಕೇಳಿದೆ: ಇವರ ತಂದೆ?

"ಹೊಲದಾಗ ಕುಂತಲ್ಲೇ ಹೋದ್ರು. ನಲವತ್ನಾಕು ಇತ್ರಿ. ಅವರ ತಮ್ಮನೂ ಐವತ್ತು ಕಾಣಲಿಲ್ಲ."

ಮಗನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ, ಹಗ್ಗದಂತೆ ದಪ್ಪಗಿತ್ತು. ಅದೂ ಒಂದು ಸುಳಿವು. ಎಲ್‌ಡಿಎಲ್ 190 ದಾಟಿ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವಿದ್ದರೆ ವಂಶವಾಹಿ ಕೊಲೆಸ್ಟ್ರಾಲ್ ಇರಬಹುದೇ ಎಂದು ನೋಡಲೇಬೇಕು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ ದೋಷ ಇದು. ನಿರ್ಣಯ ವೈದ್ಯರದು, ಅವರ ಬಳಿಗೇ ಕಳಿಸಿದೆ. ಅವರೂ ಹೌದೆಂದರು.

ಆದರೆ ಅದಕ್ಕೂ ಮೊದಲು, 'ವಂಶ' ಎಂಬ ಮಾತು ನನ್ನ ಬಾಯಿಂದ ಬಿದ್ದ ಕೂಡಲೇ ತಾಯಿಯ ಮುಖ ಕಪ್ಪಿಟ್ಟಿತು. "ಹಂಗಾದ್ರ ನಮ್ಮ ಮನೆತನದ ರಕ್ತಾನೇ ಕೆಟ್ಟದ್ದೇನ್ರಿ?" ಸೊಸೆಯ ತಲೆಯಿಂದ ಇಳಿಸಿದ ಹೊರೆಯನ್ನು ಮನೆತನದ ಮೇಲೆ ಹೇರಿಬಿಟ್ಟಿದ್ದೆ. ಆ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತದೆ.

ಮಗನಿಗೆ ಗೊತ್ತಿರುವ ಗಂಜ್‌ನ, ಅಂದರೆ ಧಾನ್ಯದ ಪೇಟೆಯ, ಲೆಕ್ಕದಲ್ಲೇ ಹೇಳಿದೆ. ಜನವರಿಯಲ್ಲಿ ತೊಗರಿ ಗಾಡಿಗಳು ಗಂಜ್‌ಗೆ ಬರುತ್ತವೆ. ಗೋದಾಮಿನ ಬಾಗಿಲೆಲ್ಲ ತೆರೆದಿದ್ದರೆ ಮಾಲು ಒಳಗೆ ಹೋಗುತ್ತದೆ. ಅರ್ಧ ಬಾಗಿಲು ಹಾಕಿದ್ದರೆ ಗಾಡಿ ರಸ್ತೆಯಲ್ಲೇ ನಿಲ್ಲುತ್ತವೆ. ಯಕೃತ್ತಿನ ಮೇಲೂ ರಕ್ತದಿಂದ ಎಲ್‌ಡಿಎಲ್ ಒಳಗೆಳೆಯುವ ಬಾಗಿಲುಗಳಿವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. "ಇವರಿಗೆ ಹುಟ್ಟಾ ಬಾಗಿಲು ಕಮ್ಮಿ ಅದಾವ ಅಮ್ಮಾ. ರಕ್ತ ಕೆಟ್ಟಿಲ್ಲ." ವೈದ್ಯರು ಬರೆದುಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆ, ಯಕೃತ್ತು ತಾನೇ ತಯಾರಿಸುವ ಕೊಲೆಸ್ಟ್ರಾಲನ್ನು ತಗ್ಗಿಸುತ್ತದೆ. ಆಗ ಯಕೃತ್ತು ಹೆಚ್ಚು ಬಾಗಿಲು ತೆರೆಯುತ್ತದೆ. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ಮೈಯೇ ಮಾಡಿಕೊಂಡದ್ದು.

ಕೊಟ್ಟ ಸಲಹೆ ಇಷ್ಟು. ಮಾತ್ರೆ ಇವತ್ತೇ ಶುರು, ಇಳಿಯಿತೆಂದು ತಾವಾಗಿ ಬಿಡಬಾರದು, ಬಿಟ್ಟರೆ ವಾರಗಳಲ್ಲೇ ಮತ್ತೆ ಏರುತ್ತದೆ. ಸ್ನಾಯು ನೋವು ಬಂದರೆ ವೈದ್ಯರಿಗೆ ತಿಳಿಸಬೇಕು. ಒಗ್ಗರಣೆ ಮನೆಗೆ ಮರಳಬೇಕು: ನಾಲ್ಕು ಮಂದಿಗೆ ತಿಂಗಳಿಗೆ ಎರಡು ಲೀಟರ್, ಕುಸುಬಿಯದಾಗಲಿ ಶೇಂಗಾದ್ದಾಗಲಿ. 'ಕೊಲೆಸ್ಟ್ರಾಲ್ ರಹಿತ' ಎಂದು ಬರೆದ ದುಬಾರಿ ಡಬ್ಬಿ ತಂದಿದ್ದರು, ಸಸ್ಯದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಬಿಡಬೇಕಾದದ್ದು ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಮಿರ್ಚಿ ಭಜ್ಜಿ. ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ, ಒಂದೆರಡು ಚಮಚ ಹಿಂಡಿ, ಇವೆಲ್ಲ ಇರಲಿ. ಹತ್ತು ವರ್ಷದ ಮಗಳಿಗೆ ರಕ್ತಪರೀಕ್ಷೆ ಆಗಲೇಬೇಕು, ಏಕೆಂದರೆ ತಂದೆಯಿಂದ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಊಟದ ಸಲಹೆ ಕೊಡುವ ನೀವೇ ಮಾತ್ರೆ ನುಂಗು ಅಂತೀರಲ್ಲ ಎಂದು ಕೇಳಿದವರಿದ್ದಾರೆ. ಹೌದು, ಅನ್ನುತ್ತೇನೆ. ಊಟ ನನ್ನ ಕಸುಬು. ಅದರ ಕೈಲಾಗುವುದೆಷ್ಟು ಎಂದು ಬಲ್ಲವಳಾಗಿಯೂ ಸುಮ್ಮನಿದ್ದರೆ, ಇನ್ನೊಬ್ಬ ತಂದೆ ಹೊಲದಲ್ಲಿ ಕುಳಿತಲ್ಲೇ ಹೋಗುತ್ತಾನೆ. ಬಹಳ ಜನರಿಗೆ ಪಥ್ಯ, ನಡಿಗೆ ಸಾಕಾಗುತ್ತದೆ. ಇವರಿಗೆ ಸಾಕಾಗುವುದಿಲ್ಲ.

ಮೂರು ತಿಂಗಳಿಗೆ 112 ಬಂತು. ಮಗಳಿಗೂ ಹೆಚ್ಚಿದೆ; ಮಕ್ಕಳ ವೈದ್ಯರು ನೋಡುತ್ತಿದ್ದಾರೆ. ಅವಳನ್ನು ಪರೀಕ್ಷೆಗೆ ಕೈಹಿಡಿದು ಕರೆತಂದದ್ದು ಅಜ್ಜಿಯೇ. ಸೊಸೆಗೆ ಏನಾದರೂ ಅಂದರೋ ಇಲ್ಲವೋ, ನಾನು ಕೇಳಲಿಲ್ಲ.

ಸೇಡಂ ಕಡೆ ಕೊಟ್ಟ ಅಜ್ಜಿಯ ಮಗಳು ಮಾತ್ರ ಇನ್ನೂ ಪರೀಕ್ಷೆಗೆ ರಕ್ತ ಕೊಟ್ಟಿಲ್ಲ. ಬೀಗರು 'ರೋಗದ ಮನೆತನ' ಅಂದಾರು ಎಂಬ ಅಂಜಿಕೆ. ಹೋದ ವಾರ ತಾಯಿ ಫೋನ್ ಮಾಡಿದ್ದರು. "ಹಬ್ಬಕ್ಕ ತವರಿಗೆ ಕರಸ್ತೀನ್ರಿ. ಇಲ್ಲೇ ಮಾಡಿಸ್ತೀನಿ. ಆ ಬಾಗಲದ ಮಾತು ಅಕಿಗೂ ನೀವೇ ಹೇಳ್ರಿ."