ಒಂದೇ ಕೊಳವೆಯ ಪೋರ್ಟಬಲ್ ಎಸಿ: ಕೋಣೆ ತಣಿಯದಿರಲು ಕಾರಣ

ಕುವೆಂಪುನಗರದ ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿ, ಪಶ್ಚಿಮದ ಕಿಟಕಿಯಿರುವ 10x12 ಅಡಿಯ ಕೋಣೆಗೆ 1 ಟನ್ನಿನ ಪೋರ್ಟಬಲ್ ಎಸಿ ಇಟ್ಟರೂ ಸೆಕೆ ಏಕೆ ಇಳಿಯುತ್ತಿಲ್ಲವೆಂದು ಕೇಳಿದ್ದೀರಿ. ಯಂತ್ರ ಕೆಟ್ಟಿರಬೇಕೆಂದೇನೂ ಇಲ್ಲ. ಒಂದೇ ಕೊಳವೆಯ ಎಸಿಯು ತನ್ನ ಕಂಡೆನ್ಸರನ್ನು, ಅಂದರೆ ಶಾಖ ಹೊರಬಿಡುವ ಭಾಗವನ್ನು, ತಣಿಸಲು ಕೋಣೆಯ ಗಾಳಿಯನ್ನೇ ಎಳೆದು, ಬಿಸಿಮಾಡಿ ಹೊರಗೆ ತಳ್ಳುತ್ತದೆ. ಹೋದಷ್ಟೇ ಗಾಳಿ ಸಂದುಗೊಂದುಗಳಿಂದ ಒಳಕ್ಕೆ ಬರಲೇಬೇಕು, ಮೈಸೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಬಿಸಿಗಾಳಿಯೇ. ಕಿಟಕಿಯ ಸಂದಿಯ ಬಳಿ ಊದುಬತ್ತಿ ಹಿಡಿದು ನೋಡಿ, ಹೊಗೆ ಒಳಮುಖವಾಗಿ ಬಾಗುತ್ತದೆ.

ಆದ್ದರಿಂದ ಕಿಟಕಿಯ ಸಂದಿಗಳನ್ನು ಥರ್ಮಾಕೋಲ್ ಮತ್ತು ಟೇಪಿನಿಂದ ಬಿಗಿಯಾಗಿ ಮುಚ್ಚಿ, ನಡುಮನೆಯ ಕಡೆಯ ಬಾಗಿಲಿನ ಕೆಳಗಿನ ಸಂದಿಯನ್ನು ಮಾತ್ರ ಹಾಗೆಯೇ ಬಿಡಿ. ಬರುವ ಗಾಳಿ ತಂಪಾದ ಕಡೆಯಿಂದ ಬರಲಿ. ಕೊಳವೆಯನ್ನು ಮುಟ್ಟಿ ನೋಡಿದ್ದೀರಾ? ನಮ್ಮ ಮನೆಯದು ಆಗತಾನೆ ಕಾಫಿ ಸುರಿದ ಸ್ಟೀಲ್ ಲೋಟದಷ್ಟು ಬಿಸಿಯಾಗುತ್ತಿತ್ತು. ಅದನ್ನು ಆದಷ್ಟು ಗಿಡ್ಡವಾಗಿ, ನೇರವಾಗಿ ಇಟ್ಟು, ಶಾಖ ತಡೆಯುವ ಹೊದಿಕೆ ಸುತ್ತಿದ ಮೇಲೆ ವ್ಯತ್ಯಾಸ ತಿಳಿಯಿತು.

ದಿನವಿಡೀ ಕಾದ ಆರ್‌ಸಿಸಿ ತಾರಸಿಯು ಸಂಜೆಯ ನಂತರವೂ ಶಾಖ ಬಿಡುತ್ತಲೇ ಇರುತ್ತದೆ. ಮಾಲೀಕರು ಒಪ್ಪಿದರೆ ಅದಕ್ಕೆ ಬಿಸಿಲನ್ನು ಪ್ರತಿಫಲಿಸುವ ಬಿಳಿಯ ಕೂಲ್ ರೂಫ್ ಬಣ್ಣ ಬಳಿಸಿ, ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿಸಿ. ಒಳಗಿನ ಪರದೆಗಿಂತ ಅದೇ ವಾಸಿ. ನೀರಿನ ಕೂಲರನ್ನು ಮಾತ್ರ ಜೊತೆಗೆ ಹಾಕಬೇಡಿ, ಅದು ಸೇರಿಸುವ ತೇವವನ್ನು ತೆಗೆಯುವುದರಲ್ಲೇ ಎಸಿಯ ಶಕ್ತಿ ಸವೆಯುತ್ತದೆ.