ಪಕ್ಷೇತರ ಅಭ್ಯರ್ಥಿ ಮತ್ತು ಅವರ ಮನೆಯವರು

ವಿದೇಶದಲ್ಲಿ ಇಪ್ಪತ್ತು, ಮೂವತ್ತು ವರ್ಷ ಕಳೆದವರು. ಓದಿಕೊಂಡವರು, ಒಳ್ಳೆ ಕೆಲಸದಲ್ಲಿರುವವರು. ಐವತ್ತು ದಾಟಿದ ಮೇಲೆ ಒಂದು ದಿನ "ಚುನಾವಣೆಗೆ ನಿಲ್ತೀನಿ" ಅನ್ನುತ್ತಾರೆ. ಪಕ್ಷದ ಟಿಕೆಟ್ ಇರುವುದಿಲ್ಲ. ದುಡ್ಡು ಸ್ವಂತದ್ದು. ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ನನ್ನ ಹತ್ತಿರ ಕರೆದುಕೊಂಡು ಬಂದು, "ಇವರಿಗೆ ಏನೋ ಆಗಿದೆ, ಸ್ವಲ್ಪ ಬುದ್ಧಿ ಹೇಳಿ" ಅನ್ನುತ್ತಾರೆ. ಲಂಡನ್ನಿನಲ್ಲಿ ಭಾರತ, ಶ್ರೀಲಂಕಾ ಕಡೆಯ ಕುಟುಂಬಗಳ ಜೊತೆ ಆಪ್ತಸಲಹೆಗಾರಳಾಗಿ ಕೆಲಸ ಮಾಡುವ ನನಗೆ ಇಂಥ ಪ್ರಕರಣ ಮತ್ತೆ ಮತ್ತೆ ಎದುರಾಗುತ್ತದೆ. ಅದರಲ್ಲಿ ಒಂದನ್ನು ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ಚುನಾವಣೆಗೆ ನಿಲ್ಲುವುದು ಕಾಯಿಲೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೆಲ್ಲುವ ಸಾಧ್ಯತೆ ಇಲ್ಲದೆ ನಿಲ್ಲುವುದೂ ಕಾಯಿಲೆ ಅಲ್ಲ. ಮನೆಯವರು ಹಾಗೆ ಅಂದುಕೊಂಡು ಬಂದಾಗ ನಾನು ಆ ಮಾತನ್ನು ಒಪ್ಪುವುದಿಲ್ಲ. ಹಾಗಂತ ಮನೆಯವರ ಭಯವನ್ನು ತಳ್ಳಿಹಾಕುವುದೂ ಇಲ್ಲ.

ಗಂಡ ಶ್ರೀಲಂಕಾದ ಯಾಳ್ಪಾಣದ (ಜಾಫ್ನಾ) ಕಡೆಯ ತಮಿಳರು. ವಿದ್ಯಾರ್ಥಿಯಾಗಿದ್ದಾಗಲೇ, 1990ರ ಹೊತ್ತಿಗೆ ಊರು ಬಿಟ್ಟು ಬಂದವರು. ಇಲ್ಲಿ ಸಿವಿಲ್ ಎಂಜಿನಿಯರ್. ಹೆಂಡತಿ ಮದುವೆಯಾಗಿ ಬಂದದ್ದು ಹತ್ತು ವರ್ಷ ತಡವಾಗಿ. ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಗಂಡ ಒಂದು ಪಕ್ಷಕ್ಕಾಗಿ ವರ್ಷಗಟ್ಟಲೆ ಮನೆ ಮನೆಗೆ ಕರಪತ್ರ ಹಂಚಿದ್ದರು. ಸ್ಥಳೀಯ ಕೌನ್ಸಿಲ್ ಚುನಾವಣೆಗೆ ಟಿಕೆಟ್ ಕೇಳಿದಾಗ ಆಯ್ಕೆ ಸಮಿತಿ ಬೇರೆಯವರನ್ನು ಆರಿಸಿತು. ಕಾರಣ ಹೇಳಲಿಲ್ಲ. ಅವರು ಪಕ್ಷ ಬಿಟ್ಟರು.

ಈ ನೋವಿನ ಜೊತೆಗೆ ಇನ್ನೊಂದು ವಿಷಯವೂ ಇತ್ತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತರು. ಕಟ್ಟಡದ ಹೊರಗೋಡೆಗೆ ಹೊದಿಸಿದ್ದ ಹಾಳೆಗಳು ಹೊತ್ತಿಕೊಂಡು ಬೆಂಕಿಯನ್ನು ಮೇಲಕ್ಕೆ ಒಯ್ದಿದ್ದವು. ಆಮೇಲೆ ದೇಶದ ಎಷ್ಟೋ ಫ್ಲ್ಯಾಟ್‌ಗಳ ಗೋಡೆಯಲ್ಲಿ ಅಪಾಯ ಇದೆ ಅಂತ ಗೊತ್ತಾಯಿತು. ಫ್ಲ್ಯಾಟ್ ಕೊಂಡವರು ಮಾರಲೂ ಆಗದೆ ಇರಲೂ ಆಗದೆ ಸಿಕ್ಕಿಹಾಕಿಕೊಂಡರು. ನಮ್ಮ ಎಂಜಿನಿಯರ್ ಶನಿವಾರ, ಭಾನುವಾರ ಅಂಥ ಕಟ್ಟಡಗಳಿಗೆ ಹೋಗಿ, ಅಲ್ಲಿನವರ ಕಾಗದಪತ್ರ ಓದಿ, ಯಾರಿಗೆ ಏನು ಬರೆಯಬೇಕು ಅಂತ ಬಿಟ್ಟಿಯಾಗಿ ಹೇಳಿಕೊಡುತ್ತಿದ್ದರು.

2024ರ ಮೇ 22ರಂದು ಪ್ರಧಾನಿ ರಿಷಿ ಸುನಕ್ ಸಂಸತ್ ಚುನಾವಣೆ ಘೋಷಿಸಿದರು. ಜುಲೈ 4ಕ್ಕೆ ಮತದಾನ. ನಾಮಪತ್ರಕ್ಕೆ ಜೂನ್ 7ರ ಸಂಜೆ ನಾಲ್ಕರವರೆಗೆ ಮಾತ್ರ ಟೈಮು. ಚುನಾವಣೆ ಘೋಷಣೆಯಾದ ರಾತ್ರಿಯೇ ನಮ್ಮ ಎಂಜಿನಿಯರ್ ಮನೆಯಲ್ಲಿ ಹೇಳಿದರಂತೆ, ನಿಲ್ತೀನಿ ಅಂತ. ಹೆಂಡತಿಯ ನಿದ್ದೆ ಅಂದೇ ಹೋಯಿತು. ವಾರದೊಳಗೆ ನನ್ನ ಹತ್ತಿರ ಬಂದರು, ಮೊದಲು ಒಬ್ಬರೇ, ಆಮೇಲೆ ಗಂಡನ ಜೊತೆ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಹಾಗಾಗಿ ತಮಿಳು ಬರುತ್ತದೆ. ಯಾಳ್ಪಾಣದ ತಮಿಳು ನಮ್ಮ ಗಣಿ ಕಾಲೋನಿಯ ತಮಿಳಿಗಿಂತ ಬೇರೆಯೇ. ಆದರೂ ಆ ತಾಯಿ ನನ್ನ ಜೊತೆ ಇಂಗ್ಲಿಷ್ ಬಿಟ್ಟು ತಮಿಳಿಗೆ ಇಳಿದ ಮೇಲೆ ಮಾತು ಸಲೀಸಾಯಿತು.

ಮೊದಲು ಅವರು ಹೇಳಿದ್ದು ದುಡ್ಡಿನ ವಿಷಯ. ಇಲ್ಲಿ ಸಂಸತ್ತಿಗೆ ನಿಲ್ಲಲು ಠೇವಣಿ 500 ಪೌಂಡ್. ಶೇಕಡಾ 5ರಷ್ಟು ಮತ ಬರದಿದ್ದರೆ ಅದು ಹೋಯಿತು. ನಮ್ಮ ದೇಶದಲ್ಲಿ ಆರನೇ ಒಂದು ಭಾಗ ಬರಬೇಕು. ಆ ಲೆಕ್ಕದಲ್ಲಿ ಇಲ್ಲಿ ಸ್ವಲ್ಪ ಸುಲಭ. ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು, ನಮ್ಮಲ್ಲಿ ಪಕ್ಷೇತರರಿಗೆ ಹತ್ತು ಸೂಚಕರು ಬೇಕಾದ ಹಾಗೆ. ಒಂದು ಕರಪತ್ರವನ್ನು ಅಂಚೆಯವರು ಕ್ಷೇತ್ರಕ್ಕೆಲ್ಲ ಪುಕ್ಕಟೆಯಾಗಿ ತಲುಪಿಸುತ್ತಾರೆ, ಆದರೆ ಅಚ್ಚು ಹಾಕಿಸುವ ಖರ್ಚು ಅಭ್ಯರ್ಥಿಯದ್ದು. ಸುಮಾರು 70 ಸಾವಿರ ಮತದಾರರು ಅಂದರೆ ಅದೇನೂ ಸಣ್ಣ ಮೊತ್ತ ಅಲ್ಲ. ಮಗಳ ಓದಿಗೆ ಇಟ್ಟಿದ್ದನ್ನು ಮುಟ್ಟುವುದಿಲ್ಲ ಅಂತ ಗಂಡ ಮಾತು ಕೊಟ್ಟಿದ್ದರು. ಇಷ್ಟಾದರೂ ಆಕೆಗೆ ನಿದ್ದೆ ಬರಲಿಲ್ಲ. ಆಗಲೇ ನನಗೆ ಅನ್ನಿಸಿತು, ವಿಷಯ ದುಡ್ಡಿನದ್ದಲ್ಲ.

ಜೂನ್ ಮೊದಲ ವಾರ ಇಬ್ಬರೂ ಬಂದ ದಿನ ಗಂಡ ಒಂದು ಫೈಲ್ ಹಿಡಿದುಕೊಂಡಿದ್ದರು. ನಾಮಪತ್ರ ತುಂಬಿದ್ದಾರೆ, ಸಹಿಗಳೂ ಆಗಿವೆ. ನನ್ನ ಭೇಟಿ ಮುಗಿಸಿ ನೇರ ಟೌನ್ ಹಾಲಿಗೆ ಹೋಗಬೇಕು. ಹುಮ್ಮಸ್ಸಿನಲ್ಲಿ ಹಾಳೆಗಳನ್ನು ನನ್ನ ಮೇಜಿನ ಮೇಲೆ ಹರಡಿದರು. ಅದರಲ್ಲಿ ಮನೆ ವಿಳಾಸದ ನಮೂನೆ ಒಂದಿತ್ತು. ಎಂಜಿನಿಯರ್ ಕೈಬರಹ, ನಕ್ಷೆಯ ಮೇಲೆ ಬರೆದ ಹಾಗೆ ಅಚ್ಚುಕಟ್ಟು. ಮನೆ ನಂಬರು, ರಸ್ತೆ, ಪೋಸ್ಟ್‌ಕೋಡ್, ಎಲ್ಲಾ ದೊಡ್ಡಕ್ಷರದಲ್ಲಿ.

ಹೆಂಡತಿ ಬಗ್ಗಿ ಆ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ಯಾರ್ಯಾರು ನೋಡ್ತಾರೆ?"

"ಬ್ಯಾಲೆಟ್ ಪೇಪರಲ್ಲಿ ಬರುತ್ತೆ. ಎಲ್ಲರೂ ನೋಡ್ತಾರೆ."

ಆಕೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು, "ಅಕ್ಕಾ, ನಮ್ಮೂರಲ್ಲಿ ಮೇಯರ್ ಆದವರನ್ನ ಮನೆಗೇ ಬಂದು ಕೊಂದ್ರು. ನಾನು ಆಗ ಅಲ್ಲೇ ಇದ್ದೆ. ಇವರು ಇರಲಿಲ್ಲ."

1998ರ ಮೇ ತಿಂಗಳಲ್ಲಿ ಯಾಳ್ಪಾಣದ ಮೇಯರ್ ಸರೋಜಿನಿ ಯೋಗೇಶ್ವರನ್ ಅವರನ್ನು ಮನೆಯಲ್ಲೇ ಗುಂಡಿಟ್ಟು ಕೊಂದಿದ್ದರು. ಅವರ ಗಂಡ, ಮಾಜಿ ಸಂಸದ ಯೋಗೇಶ್ವರನ್, 1989ರಲ್ಲಿ ಕೊಲಂಬೊದಲ್ಲಿ ತಮಿಳು ನಾಯಕ ಅಮಿರ್ದಲಿಂಗಂ ಜೊತೆಗೇ ಹತರಾಗಿದ್ದರು. ಸರೋಜಿನಿ ನಂತರ ಮೇಯರ್ ಆದ ಪೊನ್ ಶಿವಪಾಲನ್ ಅದೇ ಸೆಪ್ಟೆಂಬರ್‌ನಲ್ಲಿ ಬಾಂಬಿಗೆ ಬಲಿಯಾದರು. ಹುದ್ದೆಗೆ ಹೆಸರು ಕೊಡುವುದು ಅಂದರೆ ಆ ಊರಿನಲ್ಲಿ ಏನರ್ಥ ಅಂತ ಆಕೆ ಚಿಕ್ಕ ವಯಸ್ಸಿನಲ್ಲೇ ಕಂಡಿದ್ದರು.

ಗಂಡ ತಕ್ಷಣ, "ಇದು ಲಂಡನ್, ಯಾಳ್ಪಾಣ ಅಲ್ಲ" ಅಂದರು. ಹಿಂದೆಯೂ ಎಷ್ಟೋ ಸಲ ಹೇಳಿದ್ದರು ಅಂತ ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ನಾನು ಅಲ್ಲಿ ತಡೆದೆ. ಜೋ ಕಾಕ್ಸ್ ಅವರನ್ನು 2016ರ ಜೂನ್‌ನಲ್ಲಿ ಅವರ ಕ್ಷೇತ್ರದ ಬೀದಿಯಲ್ಲೇ ಕೊಂದದ್ದು ಇದೇ ದೇಶದಲ್ಲಿ. 2021ರ ಅಕ್ಟೋಬರ್‌ನಲ್ಲಿ ಡೇವಿಡ್ ಅಮೆಸ್ ಚರ್ಚೊಂದರಲ್ಲಿ ಜನರ ಅಹವಾಲು ಕೇಳುತ್ತಿದ್ದಾಗ ಚಾಕುವಿಗೆ ಬಲಿಯಾದರು. ಅವರಿಬ್ಬರೂ ಸಂಸದರು. ನಿಮ್ಮ ಮನೆಯವರ ಭಯ ಹಳೆಯದು, ನಿಜ. ಆದರೆ ಬುಡವಿಲ್ಲದ್ದಲ್ಲ, ಅಂದೆ.

ಗಂಡ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತನ್ನು ನಾನು ಮರೆಯುವುದಿಲ್ಲ. "ವಲಿಕಾಮಂನಲ್ಲಿದ್ದ ನಮ್ಮಪ್ಪನ ಮನೆ ಸೈನ್ಯದವರ ವಲಯದೊಳಗೆ ಹೋಯ್ತು. ಇಲ್ಲಿಗೆ ಬಂದ ಮೇಲೆ ಬಾಡಿಗೆ ರೂಮುಗಳಲ್ಲೇ ಇದ್ದೆ. ಈ ವಿಳಾಸ ಒಂದೇ ನಂದು. ಅದನ್ನೂ ಬಚ್ಚಿಡಬೇಕಾ?"

ಹೆಂಡತಿ ಇದನ್ನು ಮೊದಲ ಸಲ ಕೇಳುತ್ತಿದ್ದರು. ಅವರು ಬೆರಳಿಟ್ಟಿದ್ದ ಅದೇ ಸಾಲು ಗಂಡನಿಗೆ ಇಲ್ಲಿಯವನು ಅನ್ನಿಸಿಕೊಳ್ಳುವ ದಾರಿ, ಹೆಂಡತಿಗೆ ಬಾಗಿಲು ಬಡಿಯುವವರ ದಾರಿ. ಇಬ್ಬರೂ ಹಲವು ದಿನ ಖರ್ಚು, ಮರ್ಯಾದೆ, ಮಗಳ ಓದು ಅಂತ ಜಗಳ ಆಡಿದ್ದರು. ವಿಳಾಸದ ಮಾತೇ ಬಂದಿರಲಿಲ್ಲ.

ನಾನು ಆ ನಮೂನೆಯನ್ನು ಇಬ್ಬರ ಜೊತೆ ಕೂತು ಓದಿದೆ. ಮನೆ ವಿಳಾಸ ಬಹಿರಂಗ ಮಾಡಬೇಡಿ ಅಂತ ಕೇಳಲು ಅದರಲ್ಲೇ ಅವಕಾಶ ಇದೆ. ಆಗ ಬ್ಯಾಲೆಟ್‌ನಲ್ಲಿ ಅಭ್ಯರ್ಥಿ ವಾಸವಿರುವ ಕ್ಷೇತ್ರದ ಹೆಸರು ಮಾತ್ರ ಬರುತ್ತದೆ. ಅಂದರೆ ಇಲ್ಲಿಯವರು ಅಂತ ಜನಕ್ಕೆ ಗೊತ್ತಾಗುತ್ತದೆ, ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಕರಪತ್ರದ ಕೆಳಗೆ ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು ಅನ್ನುವುದು ಕಾನೂನು. ಅಲ್ಲಿಗೂ ಮನೆ ವಿಳಾಸವೇ ಬೇಕಿಲ್ಲ, ಆಫೀಸಿನದ್ದೋ ಪೋಸ್ಟ್ ಬಾಕ್ಸಿನದ್ದೋ ಸಾಕು. ನಿಲ್ಲಿ, ಆದರೆ ವಿಳಾಸ ಕೊಡಬೇಡಿ ಅಂತ ಸಲಹೆ ಕೊಟ್ಟೆ. "ಇದು ಲಂಡನ್" ಅನ್ನುವ ಮಾತನ್ನು ಮನೆಯಲ್ಲಿ ಇನ್ನು ಆಡಬೇಡಿ ಅಂತಲೂ ಹೇಳಿದೆ. ಪ್ರಚಾರಕ್ಕೆ ಒಬ್ಬರೇ ಹೋಗುವುದು ಬೇಡ, ಕತ್ತಲಾದ ಮೇಲೆ ಬೇಡ. ಹೆಂಡತಿಗೆ ಹೇಳಿದ್ದು, ಪ್ರತಿದಿನ ಎಲ್ಲಿಗೆ ಹೋಗುತ್ತಾರೆ, ಎಷ್ಟಕ್ಕೆ ಬರುತ್ತಾರೆ ಅಂತ ಕೇಳುವ ಹಕ್ಕು ನಿಮಗಿದೆ, ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ನಮೂನೆ ತಿದ್ದಿ, ಮರುದಿನ ಇಬ್ಬರೂ ಹೋಗಿ ಕೊಟ್ಟು ಬಂದರು.

ಸಹೋದ್ಯೋಗಿಗಳ ಜೊತೆ ಈ ಪ್ರಕರಣ ಚರ್ಚಿಸಿದಾಗ ಒಬ್ಬರು ಆಕ್ಷೇಪ ಎತ್ತಿದರು. ಫಾರಂ ತುಂಬಿಸುವುದು ಆಪ್ತಸಲಹೆಗಾರರ ಕೆಲಸವಾ? ಆಕೆಯ ಆಘಾತಕ್ಕೆ ಚಿಕಿತ್ಸೆ ಕೊಡಬೇಕಿತ್ತಲ್ಲವಾ? ನಾನು ಇದನ್ನು ಒಪ್ಪುವುದಿಲ್ಲ. ಯುದ್ಧ ಕಂಡವರ ಭಯವನ್ನೆಲ್ಲ ಹಳೆ ಗಾಯದ ಲೆಕ್ಕಕ್ಕೆ ಹಾಕುವುದು ನಮ್ಮ ವೃತ್ತಿಗೆ ಅಂಟಿದ ಕೆಟ್ಟ ಚಾಳಿ. ಕಣ್ಣೆದುರಿಗೆ ಕಾಗದದ ಮೇಲೆ ಒಂದು ಅಪಾಯ ಇದೆ, ಅದನ್ನು ತೆಗೆಯಲು ದಾರಿಯೂ ಇದೆ. ಆಗ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದರೆ, ತಪ್ಪು ನಿಮ್ಮ ತಲೆಯಲ್ಲಿದೆ ಅಂದ ಹಾಗಾಗುತ್ತದೆ. ಮೊದಲು ಅಪಾಯ ತೆಗೆಯಬೇಕು. ಉಳಿದ ಭಯ ಎಷ್ಟು ಅಂತ ಆಮೇಲೆ ನೋಡಬೇಕು. ನಮ್ಮ ಕಡೆಯವರು ಸಲಹೆ ಕೇಳಲೆಂದೇ ಬರುತ್ತಾರೆ. ಸುಮ್ನೆ ತಲೆಯಾಡಿಸಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಬ್ಬರು, ಗಂಡನನ್ನು ತಡೆಯಬೇಕಿತ್ತು, ಟಿಕೆಟ್ ಸಿಗದ ಸಿಟ್ಟಿನಿಂದ ನಿಂತಿದ್ದಾರೆ ಅಂದರು. ಸಿಟ್ಟು ಇತ್ತು. ಅದನ್ನು ನಾನು ಅವರಲ್ಲೇ ಕೇಳಿದ್ದೆ. ಅವರು ಜಾನ್ ಜನನಾಯಗಂ ಅವರ ಉದಾಹರಣೆ ಕೊಟ್ಟಿದ್ದರು. ಬ್ಯಾಂಕಿಂಗ್ ಕೆಲಸದಲ್ಲಿದ್ದ ಆ ತಮಿಳು ಮಹಿಳೆ 2009ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಲಂಡನ್ನಿನಿಂದ ಪಕ್ಷೇತರರಾಗಿ ನಿಂತು 50 ಸಾವಿರಕ್ಕೂ ಜಾಸ್ತಿ ಮತ ಪಡೆದಿದ್ದರು. ಆಗ ಶ್ರೀಲಂಕಾದ ಯುದ್ಧ ಕೊನೆಯಾಗಿ ಕೆಲವೇ ವಾರ. ಇಲ್ಲಿನ ತಮಿಳರು ಸಂಸತ್ತಿನ ಎದುರು ಹಗಲೂ ರಾತ್ರಿ ಕೂತಿದ್ದ ಕಾಲ. ಆ ಮತಗಳ ಹಿಂದೆ ಅಷ್ಟು ದೊಡ್ಡ ಸಂಕಟ ಇತ್ತು, ನಿಮ್ಮ ಹಿಂದೆ ಏನಿದೆ ಅಂತ ಕೇಳಿದ್ದೆ. "ಸುಟ್ಟುಹೋಗಬಹುದಾದ ಗೋಡೆಗಳಿವೆ" ಅಂದರು. ಅದು ನನಗೆ ಸಾಕಾಯಿತು. ನೋವಿನಿಂದ ಹೊರಟವರು ಒಳ್ಳೆ ಕೆಲಸ ಮಾಡಲಾರರು ಅಂತ ಎಲ್ಲಿದೆ? ಶುದ್ಧ ಮನಸ್ಸಿನವರು ಮಾತ್ರ ನಿಲ್ಲಬೇಕು ಅಂದರೆ ಯಾವ ದೇಶದಲ್ಲೂ ಚುನಾವಣೆ ನಡೆಯುವುದಿಲ್ಲ.

ಕನ್ನಡಿಗರಲ್ಲೂ ಇಂಥವರು ಇದ್ದಾರೆ. ಕಲಬುರಗಿ ಕಡೆಯಿಂದ ಬಂದ ವೈದ್ಯ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ನಿಮ್ಮ ಮನೆಯಲ್ಲಿ ಯಾರಾದರೂ ನಿಲ್ಲುತ್ತೇನೆ ಅಂದರೆ, ಗೆಲ್ತಾರಾ ಇಲ್ವಾ ಅನ್ನುವ ವಾದ ಆಮೇಲೆ ಇರಲಿ. ನಾಮಪತ್ರದ ಒಂದೊಂದು ಸಾಲನ್ನೂ ಮನೆಯವರೆಲ್ಲ ಕೂತು ಓದಿ. ಯಾವ ಸಾಲು ಯಾರಿಗೆ ಚುಚ್ಚುತ್ತದೆ ಅಂತ ಆಗ ಗೊತ್ತಾಗುತ್ತದೆ. ಮತ ಎಣಿಕೆಯ ರಾತ್ರಿ ಅಭ್ಯರ್ಥಿಯ ಪಕ್ಕ ಯಾರು ಇರುತ್ತಾರೆ ಅನ್ನುವುದನ್ನೂ ಅವತ್ತೇ ನಿರ್ಧರಿಸಿ.

ಈ ಮನೆಯಲ್ಲಿ ಹೆಂಡತಿಯೇ ಪಕ್ಕದಲ್ಲಿದ್ದರು. ಶೇಕಡಾ 5 ಬರಲಿಲ್ಲ, ಠೇವಣಿ ಹೋಯಿತು. ಅದೇ ರಾತ್ರಿ ಸ್ಟ್ರಾಟ್‌ಫರ್ಡ್ ಅಂಡ್ ಬೋ ಕ್ಷೇತ್ರದಿಂದ ಉಮಾ ಕುಮಾರನ್ ಗೆದ್ದು ಬ್ರಿಟನ್ನಿನ ಮೊದಲ ತಮಿಳು ಸಂಸದೆ ಆದರು, ಪಕ್ಷದ ಟಿಕೆಟ್‌ನಲ್ಲಿ. ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು ಅಂತ ನಮ್ಮ ಎಂಜಿನಿಯರ್ ಮುಚ್ಚುಮರೆ ಇಲ್ಲದೆ ಹೇಳಿದರು. ಫಲಿತಾಂಶವಾದ 35 ದಿನದೊಳಗೆ ಕೊಡಬೇಕಾದ ಖರ್ಚಿನ ಲೆಕ್ಕವನ್ನು ಹೆಂಡತಿ ಬರೆದುಕೊಟ್ಟರು. ಆಕೆ ಈಗ ರಾತ್ರಿ ಮಲಗುತ್ತಾರೆ, ಪೂರ್ತಿ ಅಲ್ಲ, ಮುಂಚಿಗಿಂತ ಜಾಸ್ತಿ. 1998ರ ನೆನಪುಗಳಿಗಾಗಿ ಬೇರೆಯಾಗಿ ಬರುತ್ತಿದ್ದಾರೆ. ಆಯ್ಕೆ ಸಮಿತಿಯ ಎದುರು ಏನು ನಡೆಯಿತು ಅನ್ನುವುದನ್ನು ಗಂಡ ಇನ್ನೂ ಪೂರ್ತಿ ಹೇಳಿಲ್ಲ. ಅದಕ್ಕೆ ಅಂತ ಅವರೂ ಒಬ್ಬರೇ ಬರಲು ಶುರು ಮಾಡಿದ್ದಾರೆ.