ಹೀರೇಕಾಯಿ ಚಟ್ನಿ ನೀರು ಬಿಟ್ಕೊಂಡಿದ್ದಕ್ಕೆ

ಅಕ್ಕಾ, ಫೋಟೋ ನೋಡಿದೆ. ಚಟ್ನಿ ರಾಗಿ ರೊಟ್ಟಿ ಸುತ್ತ ಹರಿದಿದೆ. ಕುಕ್ಕರಲ್ಲಿ ಒಂದು ಕೂಗು ಕೂಗ್ಸಿ ರುಬ್ಬಿದೆ, ಈಗ ಹುರಿಗಡಲೆ ಹಾಕಿ ಗಟ್ಟಿ ಮಾಡ್ಲಾ ಅಂತ ಕೇಳಿದ್ದೀರ. ದಯವಿಟ್ಟು ಬೇಡ. ಅದು ಹೋಟೆಲ್ ಇಡ್ಲಿ ಚಟ್ನಿ ಆಗುತ್ತೆ, ಹೀರೇಕಾಯಿ ರುಚಿ ಹುಡುಕಿದ್ರೂ ಸಿಗಲ್ಲ. ಈ ಗುಂಪಲ್ಲಿ ತಿಂಗಳಿಗೊಬ್ಬರು ಹೀರೇಕಾಯಿನ ಕುಕ್ಕರಿಗೆ ಹಾಕ್ತಾನೇ ಇದ್ದೀರ! ಕಾಯಲ್ಲಿರೋದೇ ನೀರು, ಮುಚ್ಚಿ ಬೇಯಿಸಿದ್ರೆ ಅದು ಹೋಗೋದೆಲ್ಲಿಗೆ?

ಅರ್ಧ ಕೆಜಿ ಎಳೇ ಕಾಯಿಗೆ ಏಣು ಮಾತ್ರ ಹೆರೆದು, ಸಿಪ್ಪೆ ಹಾಗೇ ಬಿಡಿ. ಹೆಚ್ಚೋ ಮುಂಚೆ ಪ್ರತಿ ಕಾಯಿಂದ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ರೆ ಇಡೀ ಕಾಯಿ ತಿಪ್ಪೆಗೆ. ಬೆಲ್ಲ ಹಾಕಿದ್ರೂ ಆ ಕಹಿ ಹೋಗಲ್ಲ, ತಿಂದ್ರೆ ವಾಂತಿ ಭೇದಿ ಆಗುತ್ತೆ.

ಅಗಲದ ಕಬ್ಬಿಣದ ಬಾಂಡ್ಲಿಗೆ ಎರಡು ಚಮಚ ಕಡಲೆಕಾಯಿ ಎಣ್ಣೆ. ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಚಮಚ, ಸೀಳಿದ ಎಂಟು ಹಸಿಮೆಣಸಿನಕಾಯಿ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಹೀರೇಕಾಯಿ ಹರಡಿ. ಮುಚ್ಚಳ ಬೇಡ, ಉಪ್ಪೂ ಬೇಡ. ಉಪ್ಪು ಬಿದ್ದ ಕೂಡಲೇ ಇರೋ ನೀರೆಲ್ಲ ಒಂದೇ ಸಲ ಬಿಟ್ಟು ಕಾಯಿ ಬೇಯುತ್ತೆ, ಹುರಿಯಲ್ಲ. ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಇರ್ಲಿ. ಕಿವಿ ಕೊಟ್ಟು ಕೇಳಿ: ಮೊದಲು ತಳಪಳ ಕುದಿಯೋ ಸದ್ದು, ನೀರು ಇಂಗಿದ ಮೇಲೆ ಚುರುಚುರು ಅಂತ ಹುರಿಯೋ ಸದ್ದು. ಹೋಳಿನ ಅಂಚು ಕಂದು ತಿರುಗಿ, ಬಾಂಡ್ಲಿ ತುಂಬ ಇದ್ದದ್ದು ಮೂರನೇ ಒಂದು ಪಾಲಿಗೆ ಇಳಿದಾಗ ಅರ್ಧ ನಿಂಬೆ ಗಾತ್ರದ ಹುಣಸೆಹಣ್ಣನ್ನ ಅದರೊಳಗೇ ಹುದುಗ್ಸಿ ಒಲೆ ಆರಿಸಿ. ಆ ಬಿಸಿಗೇ ಮೆತ್ತಗಾಗುತ್ತೆ, ನೀರಲ್ಲಿ ನೆನೆಸೋ ಕೆಲಸ ಇಲ್ಲ.

ಪೂರ್ತಿ ಆರಲಿ. ಬಿಸಿದು ಹಾಕಿದ್ರೆ ಆವಿಗೆ ಜಾರ್ ಮುಚ್ಚಳ ಹಾರುತ್ತೆ. ಮೊದಲು ಬೇಳೆ, ಮೆಣಸಿನಕಾಯಿ, ಐದು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು ಹಾಕಿ ತರಿತರಿ ತಿರುವಿ. ಆಮೇಲೆ ಹುರಿದ ಹೀರೇಕಾಯಿ ಹಾಕಿ, ಬಿಟ್ಟು ಬಿಟ್ಟು ಮೂರೇ ಸುತ್ತು. ಹನಿ ನೀರೂ ಬೇಡ. ಒರಳುಕಲ್ಲು ಇದ್ದವರು ಮಿಕ್ಸಿ ಮುಟ್ಟಲೇಬೇಡಿ.

ಪಾವಗಡದ ಕಡೆಯ ಥರ ಹುರಿದ ಕಡಲೆಕಾಯಿ ಬೀಜ ಹಾಕೋರು ಬೇರೆಯಾಗಿ ಪುಡಿ ಮಾಡಿ ಸೇರಿಸಿ. ರೊಟ್ಟಿಗೆ ನನ್ನ ಓಟು ಹುಚ್ಚೆಳ್ಳಿಗೆ, ಎರಡು ಚಮಚ ಸಾಕು. ಹುರಿಯೋವಾಗ ಚಟಪಟ ಅಂದ ತಕ್ಷಣ ಇಳಿಸಿ, ಸೀದ್ರೆ ಕಹಿ. ತೆಂಗಿನಕಾಯಿ ಹಾಕಿದ್ರೆ ಅವತ್ತೇ ಮುಗಿಸ್ಬೇಕು. ಒಗ್ಗರಣೆಗೆ ಎಲ್‌ಜಿ ಬ್ರ್ಯಾಂಡಿನ ಗಟ್ಟಿ ಇಂಗೇ ವಾಸಿ. ಪುಡಿ ಇಂಗು ಬೇಗ ಸೀಯುತ್ತೆ, ಅದನ್ನ ಒಲೆ ಆರಿಸಿದ ಮೇಲೆ ಹಾಕಿ. ಮುದ್ದೆಗೆ ಬರೀ ಈ ಚಟ್ನಿ ಸಾಲಲ್ಲ, ಗಂಟಲಲ್ಲಿ ಜಾರಲ್ಲ. ಬಸ್ಸಾರು ಇಟ್ಟು ಇದನ್ನ ನೆಂಚ್ಕೊಳ್ಳಿ.

ಇವತ್ತಿನ ನೀರಾದ ಚಟ್ನಿ ಚೆಲ್ಬೇಡಿ. ಬಾಂಡ್ಲಿಗೆ ಒಂದು ಚಮಚ ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಕೈಯಾಡಿಸ್ತಾ ಬತ್ತಿಸಿ, ತೊಕ್ಕಿನ ಹದಕ್ಕೆ ಬರುತ್ತೆ. ಬತ್ತಿದಂಗೆ ಉಪ್ಪು ಏರುತ್ತೆ, ಮೇಲೆ ಹಾಕೋಕೆ ಹೋಗ್ಬೇಡಿ. ಟೊಮೇಟೊ ಚಟ್ನಿಗೂ ಇದೇ ಲೆಕ್ಕ. ನಾಟಿ ಹಣ್ಣಾದ್ರೆ ರಸ, ಹುಳಿ ಎರಡೂ ಜಾಸ್ತಿ. ಇನ್ನಷ್ಟು ಹೊತ್ತು ಬತ್ತಿಸಿ, ಹುಣಸೆ ಬಿಟ್ಬಿಡಿ.